ಚಿಕ್ಕತಾಯಮ್ಮನವರ ಕಾರ್ಡಿನ ಎರಡನೇ ಸಾಲು

ನಿಮ್ಮ ತಾಯಿಯ ಕಾಯಿಲೆಯನ್ನು ಬೊಜ್ಜು ಎಂದು ಬರೆದದ್ದು ಯಾವ ಡಾಕ್ಟರೂ ಅಲ್ಲ, ಭಾಗ್ಯಮ್ಮ. ನಾನು. ಹೆಗ್ಗಡದೇವನಕೋಟೆಯ ಆಸ್ಪತ್ರೆಯ ಕಿಟಕಿಯಲ್ಲಿ ಕೂತು ಕಾರ್ಡು ಬರೆದುಕೊಡುತ್ತಿದ್ದ ಗುಮಾಸ್ತ. ಬರೆದದ್ದು ಒಂದು ತಪ್ಪು. ಗೊತ್ತಾದ ಮೇಲೂ ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆನಲ್ಲ — ಅದಕ್ಕೆ ಏನು ಹೆಸರಿಡಬೇಕೋ ತಿಳಿಯದು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಪ್ರತಿ ಕಾಯಿಲೆಗೂ ಒಂದು ಕೋಡ್ ನಂಬರು ಹಾಕಬೇಕೆಂಬ ಪದ್ಧತಿ ಆಗಷ್ಟೇ ನಮ್ಮಲ್ಲಿಗೆ ಬಂದಿತ್ತು. ರಿಜಿಸ್ಟರಿನಲ್ಲೂ ಕಾರ್ಡಿನಲ್ಲೂ ಒಬ್ಬರಿಗೆ ಒಂದೇ ಕೋಡು, ಒಂದೇ ಕಾಲಂ. ಮನುಷ್ಯನಿಗೆ ಎರಡು ತೊಂದರೆ ಇರಬಾರದೆಂದು ಯಾವ ಪುಣ್ಯಾತ್ಮ ತೀರ್ಮಾನಿಸಿದನೋ! ಆದರೆ ಅವನನ್ನು ಬೈದು ನಾನು ಪಾರಾಗಲಾರೆ. ಕೋಡಿನ ದಪ್ಪ ಪುಸ್ತಕ ತೆಗೆದು ಹುಡುಕುವ ತಾಳ್ಮೆ ನನಗಿರಲಿಲ್ಲ. ಇಪ್ಪತ್ತು ಕೋಡುಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ. ಬಂದವರನ್ನೆಲ್ಲ ಅದರೊಳಗೇ ತುರುಕುತ್ತಿದ್ದೆ.

ನಿಮ್ಮ ತಾಯಿ ಚಿಕ್ಕತಾಯಮ್ಮನವರ ಕಾರ್ಡಿನಲ್ಲಿ ಡಾಕ್ಟರು ಎರಡು ಸಾಲು ಬರೆದಿದ್ದರು. ಮೊದಲನೆಯದು, ತೂಕ ಹೆಚ್ಚಾಗಿದೆ. ಎರಡನೆಯದು, ಹೊಟ್ಟೆ ಮಾತ್ರ ಊದಿದೆ, ಸ್ಕ್ಯಾನ್ ಮಾಡಿಸಬೇಕು. ಮೊದಲನೆಯದಕ್ಕೆ ನನ್ನ ಚೀಟಿಯಲ್ಲಿ ಕೋಡು ಇತ್ತು — ಇ 66, ಬೊಜ್ಜು. ಎರಡನೆಯದಕ್ಕೆ ಇರಲಿಲ್ಲ. ಬಿಟ್ಟೆ.

ಮುಂದಿನ ವಾರ ಬನ್ನಿ, ಮೈಸೂರಿಗೆ ಬರೆದುಕೊಡುತ್ತೇನೆ ಎಂದಷ್ಟೇ ಅವರಿಗೆ ಹೇಳಿದ್ದ ಆ ಡಾಕ್ಟರು ಅಷ್ಟರಲ್ಲಿ ವರ್ಗವಾಗಿ ಹೋದರು. ವರ್ಷ ಬದಲಾಗಿ ಎಲ್ಲರಿಗೂ ಹೊಸ ಕಾರ್ಡು ಬಂತು. ಹಳೆಯದರಿಂದ ನಾವು ಇಳಿಸಿಕೊಳ್ಳುತ್ತಿದ್ದದ್ದು ಕೋಡು ಮತ್ತು ಅದರ ಹೆಸರು, ಅಷ್ಟೇ. ಹೊಸ ಡಾಕ್ಟರು ಕಾರ್ಡು ನೋಡಿದರು, ಊಟ ಕಡಿಮೆ ಮಾಡಿ ಎಂದರು.

ನಿಮ್ಮ ತಾಯಿ ನನ್ನ ಕಿಟಕಿಗೆ ಬಂದರು. "ನೋಡಣ್ಣ, ಕೈಕಾಲು ಕಡ್ಡಿ ಆಗವೆ, ಒಟ್ಟೆ ಒಂದೇ ಇಂಗೆ. ಉಣ್ಣೋದು ಒಂದ್ಮುದ್ದೆ ಕಣಣ್ಣ, ಅದ್ನೂ ಬುಟ್ರೆ ಕಳೆ ಕೀಳಕ್ಕಾಯ್ತದಾ?"

ನಾನು ನೋಡಿದೆ. ಕೈ ನಿಜಕ್ಕೂ ಕಡ್ಡಿಯಾಗಿತ್ತು. ಆದರೂ ಅಂದೆ — "ಕಾರ್ಡಲ್ಲಿರೋದು ಸುಳ್ಳಾಯ್ತದೇನಮ್ಮ? ಬಾಯಿ ಕಟ್ಟು."

ತಿಂಗಳು ತಿಂಗಳೂ ತೂಕ ಏರುತ್ತಲೇ ಇತ್ತು. ಒಂದು ದಿನ ನೀವೇ ಬಂದು ಸಿಟ್ಟಿನಲ್ಲಿ ಹೇಳಿದಿರಿ: "ಕದ್ದು ತಿಂತಾಳೆ ಕಣ್ಸಾರ್. ಅಡಿಗೆಮನೆಗೆ ಬೀಗ ಹಾಕಿವ್ನಿ." ನಿಮ್ಮ ತಾಯಿ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದರು. ನಾನು ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮೇಲೇ ಮೈ ಉರಿಯುತ್ತದೆ.

ಕೊನೆಗೆ ಮೈಸೂರಿನಲ್ಲಿ ಹೊಟ್ಟೆಯೊಳಗೆ ಬೆಳೆಯುತ್ತಿದ್ದ ಗೆಡ್ಡೆ ಕಂಡಾಗ ಕಾಲ ಮೀರಿತ್ತು. ಅವರು ಹೋದ ಸುದ್ದಿ ಕೇಳಿ ಹಳೆಯ ಕಾರ್ಡುಗಳ ಕಟ್ಟು ಬಿಚ್ಚಿ ಹುಡುಕಿದೆ — ಎರಡನೇ ಸಾಲು ಅಲ್ಲೇ ಇತ್ತು. ಆಮೇಲೆ ನೀವು ಬಂದು ಕೇಳಿದಿರಿ, "ಮೊದ್ಲೇ ಯಾರಾದ್ರೂ ಸ್ಕ್ಯಾನ್ ಮಾಡ್ಸಿ ಅಂದಿದ್ರಾ ಸಾರ್?" ಕಾರ್ಡು ನನ್ನ ಡ್ರಾಯರಿನಲ್ಲಿತ್ತು.

"ಇಲ್ಲಮ್ಮ," ಅಂದೆ.

ಕೆಲಸ ಹೋದೀತೆಂಬ ಭಯ — ಬೇಡ, ಆ ಮಾತು ಬೇಡ. ಕೆಲಸ ಹೋಗಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡೇ ಮನೆಗೆ ಬಂದೆ, ಕಾರ್ಡಿನ ಸಮೇತ.

ಹೋದ ತಿಂಗಳು ಹುಣಸೂರು ಬಸ್ ನಿಲ್ದಾಣದಲ್ಲಿ ನನ್ನ ಗುರುತು ಹಿಡಿದು ಮಾತಾಡಿಸಿದಿರಿ. "ನಮ್ಮವ್ವ ಬಾಯಿ ಕಟ್ಟಿದ್ರೆ ಇನ್ನಷ್ಟು ದಿನ ಇರ್ತಿದ್ಲು, ಅಲ್ವಾ ಸಾರ್?" ಎಂದಿರಿ. ಆಗಲೂ ತಲೆಯಾಡಿಸಿದೆ. ಇಷ್ಟು ವರ್ಷ ಅದನ್ನೇ ನಂಬಿಕೊಂಡು ಬದುಕಿದ್ದೀರೆಂದು ಗೊತ್ತಾದ ಮೇಲೂ —

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಕಾರ್ಡಿನ ಜೊತೆ ನಾಳೆ ಬೆಳಗಿನ ಬಸ್ಸಿಗೆ ನಾನೇ ನಿಮ್ಮೂರು ಹಂಪಾಪುರಕ್ಕೆ ತರುತ್ತೇನೆ, ನೀವು ಓದಿ ಮುಗಿಸುವವರೆಗೂ ಬಾಗಿಲಲ್ಲೇ ನಿಲ್ಲುತ್ತೇನೆ. ನೀವು ಅನ್ನುವುದನ್ನೆಲ್ಲ ಅನ್ನಿ.

ನಿಮ್ಮವ್ವ ಕದ್ದು ತಿನ್ನಲಿಲ್ಲ, ಭಾಗ್ಯಮ್ಮ. ಅವರು ಹಸಿದುಕೊಂಡೇ ಹೋದರು.