ಫೋನು ಎತ್ತದ ಹೊತ್ತು

ಮಗಳು ಮೂಡುಬಿದಿರೆಯ ಕಾಲೇಜಿಗೆ ಸೇರಿದ ವರ್ಷ ನನಗೆ ಎದೆ ಡವಗುಟ್ಟುವುದು ಶುರುವಾಯಿತು. ನಮ್ಮೂರು ಸಿದ್ಧಕಟ್ಟೆಯಲ್ಲಿ ಅವಳು ಬಸ್ಸು ಹತ್ತಿದ ಮೇಲೆ ಫೋನು ಮಾಡುತ್ತಿದ್ದೆ. ಎತ್ತದಿದ್ದರೆ ಮತ್ತೆ ಮಾಡುತ್ತಿದ್ದೆ. ಶಾಲೆಯಲ್ಲಿ ಪಾಠ ಮಾಡುತ್ತಿರುವಾಗಲೇ ಕೈ ತಣ್ಣಗಾಗಿ ಸೀಮೆಸುಣ್ಣ ಜಾರುತ್ತಿತ್ತು. ಬಂಟ್ವಾಳದಲ್ಲಿ ಇಸಿಜಿ ಮಾಡಿಸಿದೆ. "ಹೃದಯಕ್ಕೆ ಏನೂ ಇಲ್ಲ, ಇದು ಆತಂಕ. ಬೆಳ್ತಂಗಡಿಯಲ್ಲಿ ಒಬ್ಬರು ಕೌನ್ಸೆಲರ್ ಇದ್ದಾರೆ, ಹೋಗಿ ಮಾತಾಡಿ," ಎಂದರು ಡಾಕ್ಟರು. ನಾನು ಹೋಗಲಿಲ್ಲ.

ಒಂದು ಮಧ್ಯಾಹ್ನ ತಡೆಯಲಾರದೆ ಕಾಲೇಜಿನ ಆಫೀಸಿಗೇ ಫೋನು ಮಾಡಿದೆ. ಅವಳನ್ನು ಕ್ಲಾಸಿನಿಂದ ಹೊರಗೆ ಕರೆಸಿದರು. ಸಂಜೆ ಅವಳು ಬಾಗಿಲಲ್ಲೇ ನಿಂತು, "ಅಜ್ಜಿ ತೀರಿಹೋದ್ರು ಅಂತಲೇ ಗ್ರಹಿಸಿದೆ ಅಮ್ಮ. ಬ್ಯಾಗನ್ನೂ ಎತ್ತದೆ ಮೆಟ್ಟಿಲು ಇಳಿದೆ," ಎಂದಳು. ಜಗಳವಾಡಲಿಲ್ಲ. ಮರುದಿನದಿಂದ ನಾನು ಕೇಳುವ ಮೊದಲೇ ಮೆಸೇಜು ಕಳಿಸತೊಡಗಿದಳು: ಬಸ್ಸು ಸಿಕ್ಕಿತು, ಇಳಿದೆ, ಕ್ಲಾಸಿನಲ್ಲಿದ್ದೇನೆ. ಒಮ್ಮೆ ನೆಟ್‌ವರ್ಕ್ ಸಿಗದೆ ಮೆಸೇಜು ಹೋಗದಿದ್ದಾಗ ಅವಳು ಕ್ಲಾಸು ಬಿಟ್ಟು ಸಿಗ್ನಲ್ ಹುಡುಕುತ್ತಾ ಓಡಾಡಿದಳೆಂದು ಅವಳ ಗೆಳತಿ ಹೇಳಿದಳು. ಅದನ್ನು ಕೇಳಿದ ಮೇಲೆ ಬೆಳ್ತಂಗಡಿಗೆ ಹೊರಟೆ.

"ತಲೆ ಸರಿ ಇಲ್ಲದವರು ಹೋಗುವ ಜಾಗ ಅಲ್ವಾ ಅದು? ಯಾರಾದ್ರೂ ಕಂಡ್ರೆ?" ಎಂದರು ಅತ್ತೆ.

ಕೌನ್ಸೆಲರ್ ನನಗಿಂತ ಚಿಕ್ಕ ಪ್ರಾಯದ ಹೆಂಗಸು. "ಫೋನ್ ಎತ್ತದಿದ್ರೆ ನಿಮ್ಮ ಕಣ್ಣಿಗೆ ಎಂತ ಕಾಣ್ತದೆ?" ಎಂದು ಕೇಳಿದರು. ಯಾರಿಗೂ ಹೇಳದ್ದನ್ನು ಹೇಳಿದೆ: ತಿರುವಿನಲ್ಲಿ ಮಗುಚಿದ ಬಸ್ಸು, ರಸ್ತೆಯಲ್ಲಿ ಬಿದ್ದ ಅವಳ ಚಪ್ಪಲಿ. ಹೇಳುವಷ್ಟರಲ್ಲಿ ಬೆವತುಹೋಗಿದ್ದೆ.

"ಹಾಗೆ ಆಗುದೇ ಇಲ್ಲ ಅಂತ ನಾನು ಹೇಳುದಿಲ್ಲ ಟೀಚರ್. ಫೋನ್ ಮಾಡಿದ ಕೂಡ್ಲೇ ಹೆದರಿಕೆ ಇಳೀತದೆ, ಅದಕ್ಕೇ ಮತ್ತೆ ಮತ್ತೆ ಮಾಡ್ತೀರಿ. ಮಾಡದೆ ಕೂತ್ರೂ ಇಳೀತದಾ ಅಂತ ನೋಡುವ."

ಮೊದಲ ವಾರ ಆಗಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು ಕದ್ದು ಫೋನು ಮಾಡಿದೆ. ಅದನ್ನೂ ಅವರಿಗೆ ಹೇಳಿದೆ. "ಪರವಾಗಿಲ್ಲ, ಇನ್ನೊಮ್ಮೆ ನೋಡುವ," ಎಂದರು.

ಕೆಲವು ತಿಂಗಳ ನಂತರ ಒಂದು ಸಂಜೆ ಬಸ್ಸು ತಡವಾಯಿತು. ಮೆಸೇಜೂ ಇಲ್ಲ. ಫೋನಿನ ಸದ್ದು ಆರಿಸಿ ಒಳಕೋಣೆಯಲ್ಲಿಟ್ಟು ಅಡುಗೆಮನೆಯಲ್ಲಿ ತೊಂಡೆಕಾಯಿ ಹೆಚ್ಚುತ್ತಾ ಕೂತೆ. ಉಸಿರು ಕಟ್ಟಿತು, ಕಿವಿ ಗುಂಯ್‌ಗುಟ್ಟಿತು, ಈಗಲೇ ಎದ್ದು ಓಡಬೇಕು ಅನಿಸಿತು. ಏಳಲಿಲ್ಲ. ಸ್ವಲ್ಪ ಹೊತ್ತಿನ ನಂತರ, ಅವಳು ಬರುವ ಮೊದಲೇ, ಎದೆ ತನ್ನಷ್ಟಕ್ಕೆ ಸಡಿಲವಾಯಿತು.

ಅಷ್ಟರಲ್ಲಿ ಅವಳು ಏದುಸಿರು ಬಿಡುತ್ತಾ ಒಳಗೆ ಓಡಿಬಂದಳು. ಮುಖ ಬಿಳುಚಿಕೊಂಡಿತ್ತು. "ಚಾರ್ಜ್ ಮುಗಿದಿತ್ತು ಅಮ್ಮ. ಈಗಷ್ಟೇ ಗೆಳತಿಯ ಫೋನಿಂದ ನಿಮಗೆ ಮಾಡಿದೆ, ನೀವು ಎತ್ತಲೇ ಇಲ್ಲ. ನಿಮಗೇ ಏನೋ ಆಗಿದೆ ಅಂತ..."

ಮುಂದಿನ ಸಲ ಬೆಳ್ತಂಗಡಿಗೆ ಅವಳನ್ನೂ ಕರೆದುಕೊಂಡು ಹೋದೆ.