ಐದು ಸಾವಿರದಾ ಒಂದು

ಮದುವಿಯಾಗಿ ಪುಣೆಗೆ ಬಂದು ಹದಿನೇಳು ವರ್ಷ ಆದ್ರೂ ನಾ ಒಂದು ಚೆಕ್ಕೂ ಬರದಿರಲಿಲ್ಲ. ನಮ್ಮ ಮನೆಯವರದು ಲೆಕ್ಕ ತಪಾಸಣೆ ಕೆಲಸ, ತಿಂಗಳಿಗೆ ಹದಿನೈದು ದಿನ ಪರಊರು. ಹೋಗೋ ಮುಂದ ಒಂದೆರಡು ಚೆಕ್ ಬರದು, ಸಹಿ ಮಾಡಿ ದೇವರ ಮುಂದ ಇಡ್ತಿದ್ರು. ಚೆಕ್‌ಬುಕ್ ಕಪಾಟಿನಾಗ, ಕೀಲಿ ಅವರ ಕಿಸೆದಾಗ. ಒಯ್ದು ಕೊಡೋದಷ್ಟ ನನ್ನ ಕೆಲಸ.

ತೊಂಬತ್ತರ ದಶಕದ ಕಡೆಗೆ ಮಗಳು ಹತ್ತನೇ ಇಯತ್ತೆಗೆ ಬಂದ್ಲು. ಗಣಿತ ಅಂದ್ರ ಆಕಿಗೆ ಕಣ್ಣಾಗ ನೀರು. ಸದಾಶಿವ ಪೇಠದಾಗ ನಮ್ಮ ವಾಡೆದ ಹಿಂದ ಒಂದು ಕ್ಲಾಸಿತ್ತು, ಸೀಟು ಸಿಗೋದೇ ಕಷ್ಟ. ಅಲ್ಲಿ ಹೋದ್ರಷ್ಟ ಪಾಸಾಗ್ತೀನಿ ಅಂತ ಹಟ ಹಿಡಿದಿದ್ಲು. ಫೀ ಎಷ್ಟಂತ ಕ್ಲಾಸಿನವರು ಇನ್ನೂ ಹೇಳಿರಲಿಲ್ಲ, ಹಿಂಗಾಗಿ ಇವರು ಬರೇ ಸಹಿ ಹಾಕಿದ ಒಂದು ಚೆಕ್ ಬಿಟ್ಟು ಹೋದ್ರು. “ಹುಷಾರಾಗಿ ಬರಿ, ಇದೊಂದೇ ಅದ” ಅಂದ್ರು.

ಫೀ ಐದು ಸಾವಿರ. ರದ್ದಿ ಹಾಳಿ ಮ್ಯಾಲೆ ನಾಲ್ಕು ಸಲ ಬರದು ನೋಡಿ, ಚೆಕ್ ತುಂಬಲಿಕ್ಕೆ ಕೂತೆ. ಆದ್ರ ಮಗಳ ವಿದ್ಯಾದ ಕೆಲಸ, ಸೊನ್ನಿಗೆ ಮುಗಿಯೋ ರೊಕ್ಕ ಹೆಂಗ ಕೊಡೋದು? ಮದುವಿ ಮುಂಜಿವಿಗೆ ನೂರಾ ಒಂದು, ಐನೂರಾ ಒಂದು ಕೊಟ್ಟ ಕೈ ಇದು. ಐದು ಸಾವಿರದಾ ಒಂದು ಅಂತ ಬರದೆ.

ಕ್ಲಾಸಿನ ಮರಾಠಿ ಸರ್ ಚೆಕ್ ತಿರುವಿ ನೋಡಿ, ಈ ಒಂದು ರೂಪಾಯಿ ಯಾಕ ಅಂದ್ರು. ಶುಭಕ್ಕ ಅಂದೆ. ಅವರು ನಗಲಿಲ್ಲ. ಪಾವತಿ ಹರಿಯೋದು ಐದು ಸಾವಿರಕ್ಕ, ತಿದ್ದಿದ ಚೆಕ್ ಬ್ಯಾಡ, ನಗದೂ ತಗೋಳಂಗಿಲ್ಲ. ಉಳದಿದ್ದು ಒಂದೇ ಸೀಟು, ಸಂಜಿ ತನಕ ಕಾಯ್ತೀನಿ ಅಂದ್ರು. ಬಾಗಿಲದಾಗ ನಿಂತ ಮಗಳು ನನ್ನ ಮಾರಿ ನೋಡ್ಲೇ ಇಲ್ಲ. ನನ್ನ ಶುಭಕ್ಕಷ್ಟು ಬೆಂಕಿ ಹಚ್ಚ!

ಬ್ಯಾಂಕಿಗೆ ಓಡಿದೆ. ಕೌಂಟರಿನಾಗ ಬಾಗಲಕೋಟಿ ಕಡೆ ಗುಮಾಸ್ತರು ಒಬ್ಬರಿದ್ರು. “ಯಜಮಾನ್ರು ಊರಾಗಿಲ್ರಿ, ಏನರೆ ದಾರಿ ಅದ ಏನ್ರಿ?” ಅಂದೆ. ಅವರು ಒಳಗಿಂದ ಒಂದು ಹಳೇ ಕಾರ್ಡ್ ತಂದು ಮುಂದಿಟ್ರು. ನಮ್ಮ ಮನೆಯವರ ಸಹಿ ಕೆಳಗ ನನ್ನ ಸಹಿ. ಖಾತೆ ತಗಿಯೋ ಮುಂದ, ಇಲ್ಲಿ ಮಾಡು ಅಂದಲ್ಲಿ ಮಾಡಿದ್ದೆ.

“ಇಬ್ಬರಾಗ ಯಾರು ಸಹಿ ಮಾಡಿದ್ರೂ ನಡೀತದ್ರಿ ಅಕ್ಕಾರ.”

“ಯಾವಾಗಿಂದ?”

“ಖಾತೆ ತಗದ ದಿನದಿಂದ್ರಿ.”

ನನ್ನ ಸಹಿ ಮ್ಯಾಲೇ ಹೊಸ ಚೆಕ್‌ಬುಕ್ ಕೊಟ್ರು. ‘ಮಾತ್ರ’ ಅಂತ ಬರದು ಗೆರಿ ಎಳೀರಿ, ಮೂಲ್ಯಾಗ ಎರಡು ಓರೆ ಗೆರಿ ಹಾಕ್ರಿ, ಆವಾಗ ರೊಕ್ಕ ಅವರ ಖಾತೆಗೇ ಹೋಗ್ತದ ಅಂತ ಹೇಳಿಕೊಟ್ರು. ಹತ್ತು ನಿಮಿಷದ ವಿದ್ಯಾ. ಸಂಜಿ ಆಗೋದರಾಗ ಸೀಟು ಆಯ್ತು. ಒಂದು ರೂಪಾಯಿ ಬಿಲ್ಲೆ ಮಾತ್ರ ಸರ್ ಮೇಜಿನ ಗಣಪತಿ ಮುಂದ ಇಟ್ಟೇ ಬಂದೆ.

ಎಂಟು ದಿನಕ್ಕ ಇವರು ಬಂದ್ರು. “ನನ್ನ ಸಹಿ ನಡೀತದ ಅಂತ ನಿಮಗ ಗೊತ್ತಿತ್ತೇನು?” ಅಂತ ಕೇಳಿದೆ.

ಚಹಾ ಬಶಿಗೆ ಸುರಕೋತ, “ಗೊತ್ತಿರಲಾರದ ಏನು? ನೀ ಕೇಳಲಿಲ್ಲ” ಅಂದ್ರು.

ಸಿಟ್ಟು ನೆತ್ತಿಗೇರಿತು. ಎದ್ದುಹೋಗಿ ಹೊಸ ಚೆಕ್‌ಬುಕ್ ನನ್ನ ಟ್ರಂಕಿನಾಗಿಟ್ಟು ಕೀಲಿ ಹಾಕಿದೆ. ಮುಂದಿನ ಸಲ ಹೋಗೋ ಮುಂದ ಅವರು ರೂಢಿಯಂತ ಒಂದು ಚೆಕ್ ಸಹಿ ಮಾಡಿ ದೇವರ ಮುಂದ ಇಟ್ರು. ತಿರುಗಿ ಬಂದಾಗ ಅದು ಅಲ್ಲೇ ಇತ್ತು.