ಹದಿನಾಲ್ಕು ಡಿಗ್ರಿಯ ನೀರು ಮತ್ತು ಊದದ ಸೀಟಿ

ಬೆಳಗಿನ ಐದೂವರೆ. ಎರ್ಲೆನ್‌ಸೇ ಕೆರೆಯ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿದೆ. ನೀರಿನೊಳಕ್ಕೆ ಚಾಚಿದ ಮರದ ಜೆಟ್ಟಿಯ ತುದಿಯಲ್ಲಿ ಕೆಂಪು ಟೀ ಶರ್ಟಿನ ಹೆಂಗಸೊಬ್ಬರು ಮಂಡಿಯೂರಿ ಕೂತು, ಹಗ್ಗಕ್ಕೆ ಕಟ್ಟಿದ ಥರ್ಮಾಮೀಟರನ್ನು ನೀರಿಗೆ ಬಿಡುತ್ತಿದ್ದಾರೆ. ಮೊದಲು ಮೊಣಕೈ ಆಳಕ್ಕೆ, ಆಮೇಲೆ ಎರಡು ಮೀಟರಿಗೆ. ಥರ್ಮಾಮೀಟರಿನ ಬುಡಕ್ಕೆ ಪುಟ್ಟ ಲೋಟವೊಂದಿದೆ. ಮೇಲೆಳೆದಾಗ ಆ ಆಳದ ನೀರೂ ಜೊತೆಗೆ ಬರುತ್ತದೆ, ಗಾಳಿ ತಾಗಿ ಅಂಕಿ ಬದಲಾಗುವುದಿಲ್ಲ.

"ಮ್ಯಾಲ ಹದಿನೆಂಟು, ಕೆಳಗ ಹದಿಮೂರು. ಮ್ಯಾಲ ನಗತೈತಿ, ಕೆಳಗ ಕಡೀತೈತಿ," ಎನ್ನುತ್ತಾರೆ ವಿಜಯಶ್ರೀ. ಮಾತಿನ ನಡುವೆ ಅವರ ಬಲಗೈ ಎದೆಯ ಬಳಿ ಹೋಗಿ, ಅಲ್ಲಿ ಏನೂ ಸಿಗದೆ ಕೆಳಗಿಳಿಯುತ್ತದೆ. ಮೂರು ವಾರದ ಹಿಂದಿನವರೆಗೆ ಅಲ್ಲಿ ಸೀಟಿ ನೇತಾಡುತ್ತಿತ್ತು.

ಜರ್ಮನಿಯ ಉತ್ತರಕ್ಕೆ, ಲ್ಯೂಬೆಕ್‌ನ ಹತ್ತಿರದ ಈ ಕೆರೆಯಲ್ಲಿ ಈಜುಗಾರರನ್ನು ಕಾಯುವ ಬಾಡೆಮೈಸ್ಟರ್ ಕೆಲಸಕ್ಕೆ ಅವರಿಗಿದು ಎರಡನೆಯ ಬೇಸಿಗೆ. ಗಂಡ ಉಳವಪ್ಪ 2001ರಲ್ಲಿ, ಜರ್ಮನಿ ಆಗ ಕಂಪ್ಯೂಟರ್ ತಜ್ಞರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಹ್ಯಾಂಬರ್ಗಿನ ಸಾಫ್ಟ್‌ವೇರ್ ಕಂಪನಿಗೆ ಬಂದವರು. ಬಾಡಿಗೆ ಕಡಿಮೆಯೆಂದು ಈ ಊರಿನಲ್ಲಿ ಮನೆ, ದಿನವೂ ಪ್ರಾದೇಶಿಕ ರೈಲು ರೆಗಿಯೋನಾಲ್‌ಬಾನ್‌ನಲ್ಲಿ ಓಡಾಟ. ಧಾರವಾಡದಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಹೆಂಡತಿಗೆ ಮೊದಲು ಇಲ್ಲಿ ದುಡಿಯುವ ಅನುಮತಿಯೇ ಇರಲಿಲ್ಲ. ಅದು ಕೈಗೆ ಬಂದಾಗ ಊರಿನಲ್ಲಿ ಖಾಲಿಯಿದ್ದದ್ದು ಇದೊಂದೇ ಕೆಲಸ. ಜೀವರಕ್ಷಕರ ಪರೀಕ್ಷೆಯನ್ನು ಅವರು ಮೊದಲ ಸಲಕ್ಕೇ ಪಾಸು ಮಾಡಿದರು.

ಈಜು ಬಂದದ್ದು ಸವದತ್ತಿ ಕಡೆಯ ತೋಟದ ಬಾವಿಯಿಂದ. ತಂದೆ ಮಹಾಲಿಂಗಪ್ಪ ಬೆನ್ನಿಗೆ ಸೋರೆಬುರುಡೆ ಕಟ್ಟಿ ಇಳಿಸುತ್ತಿದ್ದರಂತೆ. "ಥಂಡಿ ದಿನದಾಗ ಬಾಂವಿ ನೀರು ಬೆಚ್ಚಗ ಇರ್ತಿತ್ರಿ, ಮ್ಯಾಲ ಬಂದ್ರ ಚಳಿ. ಇಲ್ಲಿ ಉಲ್ಟಾ. ಬಿಸಲು ಚಲೋ ಬಿದ್ದ ದಿನಾನ ಅಂಜಿಕಿ."

ಕಾರಣ ಸರಳ. ಮೇ ತಿಂಗಳ ಬಿಸಿಲು ಗಾಳಿಯನ್ನು ಒಂದೇ ದಿನದಲ್ಲಿ ಕಾಯಿಸಬಲ್ಲದು, ಕೆರೆಯನ್ನಲ್ಲ. ಈಜುತಾಣದ ಬಾಗಿಲು ತೆರೆಯುವಾಗ ನೀರು ಹನ್ನೆರಡೋ ಹದಿಮೂರೋ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕೆಲವು ವಾರ ಇಪ್ಪತ್ತೆರಡು. ಅದರ ನಡುವೆಯೂ ಪೂರ್ವದ ಗಾಳಿ ಬೀಸಿದರೆ ತಳದ ನೀರು ಮೇಲೆದ್ದು ರಾತ್ರಿ ಬೆಳಗಾಗುವುದರಲ್ಲಿ ನಾಲ್ಕು ಡಿಗ್ರಿ ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ ಹದಿನಾರಕ್ಕೆ ಬಂದಾಗ ಬಾಗಿಲು ಮುಚ್ಚುತ್ತಾರೆ. ಹದಿನೈದಕ್ಕಿಂತ ಕಡಿಮೆಯಿದ್ದ ದಿನ ಜೆಟ್ಟಿಯಿಂದ ಯಾರೂ ಜಿಗಿಯುವಂತಿಲ್ಲ, ಇದು ಇಲ್ಲಿನ ನಿಯಮ. ತಣ್ಣೀರು ಒಮ್ಮೆಲೇ ಎದೆಗೆ ಬಡಿದರೆ ಮೈ ತಾನಾಗಿ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಬಾಯಿ ನೀರಿನ ಕೆಳಗಿದ್ದರೆ ಈಜು ಬಲ್ಲವನೂ ಮುಳುಗುತ್ತಾನೆ.

ಮೆಟ್ಟಿಲಿಳಿದು, ಎದೆಗೆ ನೀರು ಹಚ್ಚಿಕೊಂಡೇ ಹೋಗಿರೆಂದು ಹೇಳುವುದು, ಕೇಳದವರಿಗೆ ಸೀಟಿ ಊದುವುದು ವಿಜಯಶ್ರೀ ಅವರ ಕೆಲಸ. ಅದಕ್ಕೂ ಮುಂಚೆ ದಡದ ಹುಲ್ಲು ಗುಡಿಸಬೇಕು, ಬಟ್ಟೆ ಬದಲಿಸುವ ಕೋಣೆ ಒರೆಸಬೇಕು, ಶೌಚಾಲಯ ತೊಳೆಯಬೇಕು. ಹ್ಯಾಂಬರ್ಗಿನ ಸುತ್ತಲಿನ ಕನ್ನಡ ಕುಟುಂಬಗಳಿಗೆ ಈ ಸಂಗತಿ ಗೊತ್ತಿರಲಿಲ್ಲ. ನೀರಿನ ಗುಣಮಟ್ಟ ನೋಡುತ್ತಾಳೆ ಎಂದು ಉಳವಪ್ಪ ಹೇಳಿದ್ದರು.

"ಅದೇನ ಸುಳ್ಳಲ್ಲರಿ, ಅದನ್ನೂ ನೋಡ್ತೀನಿ. ಕಕ್ಕಸ ತೊಳಿಯೂದನ್ನ ಅಂವಾ ಹೇಳದ ಬಿಟ್ಟಾ. ಊರಿಗೆ ಫೋನ್ ಮಾಡಿದಾಗ ನಾನೂ ಬಿಟ್ಟೆ."

ಮೇ ಕೊನೆಯ ಭಾನುವಾರ ಆ ಕುಟುಂಬಗಳು ಪಿಕ್ನಿಕ್ಕಿಗೆ ಇದೇ ಕೆರೆಗೆ ಬಂದವು. ಪಾಳಿ ವಿಜಯಶ್ರೀ ಅವರದು. ಬದಲಿಗೆ ಒಪ್ಪಿದ್ದ ಸಹೋದ್ಯೋಗಿ ಜ್ವರವೆಂದು ಬರಲಿಲ್ಲ. ಬೆಳಿಗ್ಗೆ ಹಲಗೆಯ ಮೇಲೆ 14 ಎಂದು ಬರೆದು, ಎಚ್ಚರಿಕೆಯ ಹಳದಿ ಬಾವುಟ ಏರಿಸಿ, ಕೋಣೆಗಳನ್ನೆಲ್ಲ ತೊಳೆದರು. ಜನ ಬರುವ ಹೊತ್ತಿಗೆ ಕೆಲಸದ ಕೆಂಪು ಟೀ ಶರ್ಟಿನ ಮೇಲೆ ನೀಲಿ ಚೂಡಿದಾರ್ ತೊಟ್ಟು, ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಎಲ್ಲರ ಜೊತೆ ಚಾಪೆಯ ಮೇಲೆ ಕೂತರು. ಕೂತಲ್ಲಿಂದಲೇ ಕಾಯಬಹುದು ಅಂದುಕೊಂಡಿದ್ದರು.

ಮೈಸೂರಿನ ಶ್ರೀಲಕ್ಷ್ಮಿ ಶೌಚಾಲಯಕ್ಕೆ ಹೋಗಿ ಬಂದವರು, "ಎಷ್ಟು ಕ್ಲೀನಾಗಿ ಇಟ್ಟಿದಾರೆ ನೋಡ್ರೀ ಈ ಜನ" ಎಂದರು. "ಹೌದ್ರೀ, ಭಾಳ ಕ್ಲೀನ್ ಐತಿ" ಎಂದು ವಿಜಯಶ್ರೀ ರೊಟ್ಟಿ ಮುರಿದರು.

ಗಾಳಿ ಇಪ್ಪತ್ತಾರು ಡಿಗ್ರಿಯಿತ್ತು. ಕಂಪನಿಯೊಂದರ ಕಂಪ್ಯೂಟರ್ ಸರ್ವರ್‌ಗಳನ್ನು ನೋಡಿಕೊಳ್ಳುವ ಬೆಂಗಳೂರಿನ ರಾಕೇಶ್ ಹಲಗೆ ನೋಡಿ ಗೆಳೆಯನಿಗೆ, "ಮಗಾ, ನಮ್ ಸರ್ವರ್ ರೂಮ್ ಸಿಕ್ಸ್‌ಟೀನ್ ಕಣೋ, ಟೀ ಶರ್ಟಲ್ಲೇ ಕೂತಿರ್ತೀನಿ. ಎರಡೇ ಡಿಗ್ರಿ ಕಮ್ಮಿ" ಎನ್ನುತ್ತ ಜೆಟ್ಟಿಯ ಮೇಲೆ ಓಡಿದ. ಸರ್ವರ್ ಕೋಣೆಯ ಚಳಿಯೆಂದರೆ ಗಾಳಿಯ ಚಳಿ. ನೀರು ಮೈಯ ಶಾಖವನ್ನು ಗಾಳಿಗಿಂತ ಇಪ್ಪತ್ತೈದು ಪಟ್ಟು ಬೇಗ ಕಸಿಯುತ್ತದೆ. ಓದಿದವನಿಗೆ ತಿಳಿಯದ್ದೇನಲ್ಲ, ಬಿಸಿಲಿನಲ್ಲಿ ನೆನಪಾಗಲಿಲ್ಲ.

"ಅಂವಾ ಓಡೂದು ಕಾಣ್ತಿತ್ತು," ಎನ್ನುತ್ತಾರೆ ವಿಜಯಶ್ರೀ. "ಸೀಟಿ ಕೈಯಾಗ ಐತಿ. ಊದಿದ್ರ ಎಲ್ಲಾರೂ ಹೊಳ್ಳಿ ನೋಡ್ತಾರ. ಅದೊಂದs ತಲ್ಯಾಗ ಬಂತು. ಆ ಹುಡುಗನ ಜೀವ ಆಮ್ಯಾಲ ಬಂತು."

ಜೆಟ್ಟಿಯಿಂದ ಜಿಗಿದ ರಾಕೇಶ್ ಮೇಲೆ ಬರಲಿಲ್ಲ. ಚೂಡಿದಾರಿನಲ್ಲೇ ಧುಮುಕಿ, ಗದ್ದ ಹಿಡಿದು ದಡಕ್ಕೆ ಎಳೆದುತಂದದ್ದು ವಿಜಯಶ್ರೀಯೇ. ಕೆಮ್ಮಿ, ನೀರು ಕಾರಿ, ಅವನು ಉಸಿರಾಡಿದ. ಸುತ್ತ ನಿಂತವರು ವಿಜಯಶ್ರೀಗೆ ಶಾಲು ಹೊದಿಸಿದರು. ಯಾರೋ ಕಣ್ಣೊರೆಸಿಕೊಂಡರು. ಮಂಡ್ಯದ ಹಿರಿಯ ಕೃಷ್ಣಪ್ಪನವರು ಸಿಟ್ಟಿನಿಂದ, "ಇಲ್ಲಿ ಕಾಯೋಕೆ ಅಂತ ಒಬ್ಬ ಬಾಡೆಮೈಸ್ಟರ್ ಇರ್ತಾನಲ್ಲ, ಎಲ್ಲಿ ಹಾಳಾಗಿ ಹೋಗಿದ್ದ ಅವನು? ಕಂಪ್ಲೇಂಟ್ ಕೊಡಬೇಕು" ಎಂದರು.

ವಿಜಯಶ್ರೀ ಶಾಲು ತೆಗೆದು ಮಡಚಿದರು. "ಆಕಿ ನಾನs ರೀ. ಇಲ್ಲೇ ಕುಂತಿದ್ದೆ" ಎಂದರು. ಉಳವಪ್ಪ ಗ್ರಿಲ್ಲಿನ ಕೆಂಡ ಕೆದಕುತ್ತ ನಿಂತಿದ್ದರು. ತಲೆ ಎತ್ತಲಿಲ್ಲ.

ಕೃಷ್ಣಪ್ಪನವರು ಕಂಪ್ಲೇಂಟ್ ಕೊಡಲಿಲ್ಲ. ಸೋಮವಾರ ಬೆಳಿಗ್ಗೆ ವಿಜಯಶ್ರೀಯೇ ಹೋಗಿ ಮೇಲಧಿಕಾರಿ ಫ್ರೌ ಹಾನ್ಸೆನ್‌ಗೆ ನಡೆದದ್ದನ್ನು ಹೇಳಿದರು. ಆಕೆ ಬೈಯಲಿಲ್ಲ, ಕೈ ಚಾಚಿದರು. ವಿಜಯಶ್ರೀ ಸೀಟಿ ಬಿಚ್ಚಿ ಕೊಟ್ಟರು. ಜೀವರಕ್ಷಕರ ಪರೀಕ್ಷೆ ಮತ್ತೆ ಪಾಸಾಗುವವರೆಗೆ ಅಳೆಯುವುದು, ತೊಳೆಯುವುದು ಮಾತ್ರ. ಫೇಲಾದರೆ ಮುಂದಿನ ಬೇಸಿಗೆಯಲ್ಲಿ ಇವರಿಗೆ ಈ ಕೆರೆಯಿಲ್ಲ.

ಪರೀಕ್ಷೆ ಈ ಶನಿವಾರ. ಬಟ್ಟೆ ತೊಟ್ಟೇ ಈಜಬೇಕು, ಮುಳುಗಿದವನಂತೆ ನಟಿಸುವ ಒಬ್ಬರನ್ನು ದಡಕ್ಕೆ ಎಳೆಯಬೇಕು. ಆ ಒಬ್ಬ ಯಾರೆಂದು ತೀರ್ಮಾನವಾಗಿದೆ. "ಅಕ್ಕಾ, ಡಮ್ಮಿ ನಾನೇ ಆಗ್ತೀನಿ, ನಂಗೆ ಎಕ್ಸ್‌ಪೀರಿಯನ್ಸ್ ಇದೆ" ಎಂದು ರಾಕೇಶ್ ಫೋನ್ ಮಾಡಿದ್ದಾನೆ. ಉಳವಪ್ಪನವರು ಬರುತ್ತಾರೆಯೇ? "ಟವೆಲ್ ತರ್ತೀನಿ ಅಂದಾನ," ಎನ್ನುತ್ತಾರೆ ವಿಜಯಶ್ರೀ. ಅದಕ್ಕಿಂತ ಹೆಚ್ಚು ಮಾತು ಮನೆಯಲ್ಲಿ ಇನ್ನೂ ಆಗಿಲ್ಲ.

ಮಂಜು ಕರಗಿದೆ. ಹಲಗೆಯ ಮೇಲೆ 18 ಎಂದೂ, ಅದರ ಕೆಳಗೆ 13 ಎಂದೂ ಬರೆದು, ಸೀಮೆಸುಣ್ಣದ ಕೈ ಒರೆಸಿಕೊಂಡು ಅವರು ಬಕೆಟ್ಟು, ಪೊರಕೆ ಎತ್ತಿಕೊಳ್ಳುತ್ತಾರೆ. ಕೆರೆಯ ದಾರಿಯಲ್ಲಿ ನಾಯಿ ಅಡ್ಡಾಡಿಸುತ್ತಿರುವ ಮುದುಕರು "ಮೋಯಿನ್" ಎಂದು ಕೈ ಎತ್ತುತ್ತಾರೆ. ಇವರೂ ಪೊರಕೆ ಹಿಡಿದ ಕೈಯನ್ನೇ ಎತ್ತುತ್ತಾರೆ.

"ಮೊದಲಿನ ನಾಚಿಕಿ ಹೋತ್ರಿ. ಅದರ ಜಾಗಾದಾಗ ಇನ್ನೊಂದು ಬಂದೈತಿ, ಇದು ಹೋಗೂದಲ್ಲ. ಸೀಟಿ ತಿರುಗಿ ಸಿಕ್ರ ಸಾಕು, ಅಂಗಿ ಮ್ಯಾಲ ಹಾಕ್ಕೋತೀನಿ." ಶೌಚಾಲಯದ ಬಾಗಿಲು ತೆರೆಯುತ್ತ ನಿಂತು, ಈ ಲೇಖನಕ್ಕೆ ತಮ್ಮದೊಂದು ಷರತ್ತು ಹೇಳುತ್ತಾರೆ: "ಹುಡುಗನ್ನ ಎಳದದ್ದು ಬರದ್ರ, ಊದದ ಕುಂತದ್ದನ್ನೂ ಬರೀರಿ. ಎರಡೂ ನಂದs."